ಅಣ್ಣಾ, ಸಿರಿ ವಿಷಯ ಅವ್ವನಿಗೆ ಓದಿ ಹೇಳು

ವೊಲಾಂಗಾಂಗ್, ಆಸ್ಟ್ರೇಲಿಯಾ
ಭಾನುವಾರ ರಾತ್ರಿ

ಅಣ್ಣಾ,

ಎಲ್ರಿಗೂ ನಮಸ್ಕಾರ. ನಾನು, ಶೋಭಾ, ಸಿರಿ ಮೂವರೂ ಆರಾಮ, ಅಲ್ಲೂ ಎಲ್ರೂ ಆರಾಮ ಅಂದ್ಕೋತೀನಿ. ನೀನು ಕೈಯಲ್ಲಿ ಬರ್ದು ಚಿನ್ನು ಫೋಟೋ ಹೊಡ್ದು ಕಳ್ಸಿದ ಕಾಗದ ಗುರುವಾರ ರಾತ್ರಿ ಶಿಫ್ಟ್ ಮುಗಿಸಿ ಬಂದಾಗ ನೋಡ್ದೆ. ಕಾಫಿ ವಿಷಯ ನಾಲ್ಕು ಲೈನು, ಉಳಿದಿದ್ದೆಲ್ಲ ಅವ್ವನ ವಿಷಯ, ನನ್ನ ಮಗಳು ಸಿರಿ ಸಮುದ್ರಕ್ಕೆ ಇಳೀತಾಳೆ ಅಂತ ಅವ್ವ ಹೆದರಿ ಅದನ್ನ ನಿಲ್ಲಿಸು ಅಂತಿರೋದು, ಓದ್ತಾ ಓದ್ತಾ ಹೊಟ್ಟೆ ಒಳಗೆ ಒಂಥರಾ ಆಗೋಯ್ತು. ಆಗ್ಲೇ ಫೋನ್ ಮಾಡೋಣ ಅಂತಿದ್ದೆ, ಇಲ್ಲಿ ಹನ್ನೆರಡೂವರೆ ಅಲ್ಲಿ ಸಂಜೆ ಏಳು, ಆ ಹೊತ್ತಲ್ಲಿ ನಿಮಗೆ ಕರೆಂಟ್ ಇದ್ರೆ ನೆಟ್‌ವರ್ಕ್ ಇರಲ್ಲ, ಸಿಕ್ಕಿದ್ರೂ ಅವ್ವ "ಮಗು ಎಲ್ಲಿ, ಮಗೂನ ಕೊಡು" ಅಂತ ಅಳೋಕೆ ಶುರು ಮಾಡಿದ್ರೆ ನನಗೆ ಹೇಳ್ಬೇಕಾದ್ದು ಒಂದೂ ಬಾಯಿಗೆ ಬರಲ್ಲ. ಅದಕ್ಕೇ ಎಲ್ಲ ಟೈಪ್ ಮಾಡಿ ಕಳಿಸ್ತಿದೀನಿ, ನಿಧಾನಕ್ಕೆ ಓದಿ ಹೇಳು. ಕೊನೇಲಿ ಒಂದಷ್ಟು ನಿನಗೆ ಮಾತ್ರ ಬರ್ದಿದೀನಿ, ಅದು ಅವ್ವನಿಗೆ ಬೇಡ, ಅಲ್ಲಿ ಬಂದಾಗ ನಿಂಗೇ ಗೊತ್ತಾಗ್ತದೆ.

ರೊಬಸ್ಟಾ ಕುಯ್ಲು ಅರ್ಧ ಆಯ್ತು ಅಂತ ಬರ್ದಿದೀಯ, ಒಳ್ಳೇದಾಯ್ತು. ಆಳು ಸಿಗದಿದ್ರೆ ಅವ್ವನ್ನ ಕಣದ ಕಡೆ ಬಿಡ್ಬೇಡ, ಹಣ್ಣು ಹರಡೋಕೆ ಕೂತ್ರೆ ಬಿಸಿಲಲ್ಲಿ ಎದ್ದು ಬರೋ ಜನ ಅಲ್ಲ ಅದು. ಮೆಣಸು ಆಮೇಲೆ ಮಾತಾಡೋಣ.

ಇನ್ನು ಇಲ್ಲಿಂದ ಅವ್ವನಿಗೆ ಓದು.

ಅವ್ವಾ,

ಮೊದಲು ಊಟ ಮಾಡು. ಮಗು ಚೆನ್ನಾಗಿದಾಳೆ. ಈ ಕ್ಷಣ ಪಕ್ಕದ ರೂಮಲ್ಲಿ ಬಾಗಿಲು ಹಾಕ್ಕೊಂಡು ಮ್ಯಾಥ್ಸ್ ಮಾಡ್ತಿದಾಳೆ, ಈಗ್ತಾನೇ ಅನ್ನ ಸಾರು ಮೇಲೆ ಒಂದು ಬಟ್ಟಲು ಮೊಸರು ತಿಂದು ಎದ್ದೋಗಿದಾಳೆ. ಜ್ವರ ಇಲ್ಲ, ಗಾಯ ಇಲ್ಲ, ಏನೂ ಇಲ್ಲ. ಚಿಕ್ಕಮ್ಮನ ಮನೆ ಗೃಹಪ್ರವೇಶದಲ್ಲಿ ಯಾರೋ ನಿನಗೆ ತೋರಿಸಿದ್ರಲ್ಲ ವಿಡಿಯೋ, ಸಿರಿ ದೊಡ್ಡ ಅಲೆಗೆ ಎದುರಾಗಿ ಹೋಗ್ತಾಳೆ, ಒಂದು ಗಳಿಗೆ ಕಾಣಲ್ಲ ಅಂತ, ಅದು ಶೋಭಾ ಸ್ಟೇಟಸ್‌ಗೆ ಹಾಕಿದ್ದು. ಆ ವಿಡಿಯೋ ಅಲ್ಲಿಗೇ ನಿಲ್ತದೆ. ಮುಂದಿನ ಸೆಕೆಂಡಲ್ಲಿ ಅವಳು ಅಲೆಯ ಆ ಕಡೆ ಎದ್ದು ಬೋರ್ಡ್ ಮೇಲೆ, ಅಂದ್ರೆ ನೀರಲ್ಲಿ ತೇಲೋ ಹಲಗೆ ಮೇಲೆ, ಕೂತು ನಗ್ತಾಳೆ, ಅಷ್ಟನ್ನ ಶೋಭಾ ಕಟ್ ಮಾಡ್ಬಿಟ್ಟಿದಾಳೆ. ಪೂರ್ತಿ ವಿಡಿಯೋ ಅಣ್ಣನ ಫೋನಿಗೆ ಕಳಿಸಿದೀನಿ, ನೋಡು, ಎರಡು ಸಲ ನೋಡು. ಅಲೆ ಬಂದಾಗ ಬೇಕಂತಲೇ ಅದರ ಕೆಳಗೆ ಮುಳುಗೋದು, ಹಾಗೆ ಮಾಡಿದ್ರೆ ಅಲೆ ತಲೆ ಮೇಲಿಂದ ಹೋಗ್ತದೆ, ನಿಂತ್ಕೊಂಡ್ರೇ ಹೊಡ್ದು ಬೀಳಿಸೋದು. ಇದನ್ನ ಇವಳಿಗೆ ಒಂಬತ್ತು ಹತ್ತು ವರ್ಷ ಇದ್ದಾಗಿಂದ ಕಲಿಸಿದಾರೆ.

"ಮಗೂನ ಸಮುದ್ರಕ್ಕೆ ಬಿಟ್ಟಿದಾನೆ" ಅಂತ ನೀನು ಅತ್ತಿಗೆ ಹತ್ರ ಅಂದ್ಯಂತೆ. ಬಿಟ್ಟಿಲ್ಲ ಅವ್ವಾ. ಏನು ಮಾಡ್ತಾಳೆ ಅಂತ ಸರಿಯಾಗಿ ಹೇಳ್ತೀನಿ ಕೇಳು. ಈ ದೇಶದಲ್ಲಿ ಬೀಚ್ ಕಾಯೋಕೆ ಅಂತ ಕ್ಲಬ್‌ಗಳು ಉಂಟು, 1907ರಿಂದ ಇದಾವಂತೆ. ವಾರದ ದಿನ ಸಂಬಳದ ಲೈಫ್‌ಗಾರ್ಡ್‌ಗಳು ಕಾಯ್ತಾರೆ, ಶನಿವಾರ ಭಾನುವಾರ ಈ ಕ್ಲಬ್ಬಿನ ಜನ. ಪ್ಲಂಬರ್, ಟೀಚರ್, ರಿಟೈರ್ ಆದೋರು, ಶಾಲೆ ಮಕ್ಕಳು, ಎಲ್ರೂ ಸೇರಿ, ಒಂದು ಪೈಸೆ ತಗೊಳ್ಳದೆ. ಸೆಪ್ಟೆಂಬರ್ ಕೊನೆಯಿಂದ ಏಪ್ರಿಲ್ 25ರ ತನಕ, ಅಂದ್ರೆ ಇಲ್ಲಿಯ ಬೇಸಿಗೆ ಪೂರ್ತಿ. ಬೆಳಿಗ್ಗೆ ಹೋಗಿ ನೀರು ನೋಡಿ, ಎಲ್ಲಿ ಸೆಳೆತ ಕಮ್ಮಿ ಉಂಟೋ ಆ ಜಾಗದಲ್ಲಿ ಎರಡು ಬಾವುಟ ನೆಡ್ತಾರೆ, ಅರ್ಧ ಕೆಂಪು ಅರ್ಧ ಹಳದಿ. ಆ ಎರಡರ ನಡುವೆನೇ ಜನ ಇಳೀಬೇಕು. ಇವರು ದಡದಲ್ಲಿ ನಿಂತು ನೋಡ್ತಾ ಇರೋದು, ಯಾರಾದ್ರೂ ಆಚೆ ಹೋದ್ರೆ ಸೀಟಿ ಹೊಡ್ದು ಕರೆಯೋದು. ಡ್ಯೂಟಿಯ ಮುಕ್ಕಾಲು ಪಾಲು ಇದೇ, ಜನಕ್ಕೆ ಮೊದ್ಲೇ ಹೇಳೋದು. ನೀರಿಗೆ ಇಳಿಯೋ ಪ್ರಸಂಗ ಅಪರೂಪ, ಇಳಿದ್ರೂ ಒಬ್ಬಳೇ ಅಲ್ಲ, ಒಂದು ತಂಡ ಇರ್ತದೆ, ಅದಕ್ಕೊಬ್ಬ ಕ್ಯಾಪ್ಟನ್ ಇರ್ತಾನೆ, ಮೋಟಾರ್ ಹಾಕಿದ ರಬ್ಬರ್ ದೋಣಿ, ವಾಕಿಟಾಕಿ, ಆಕ್ಸಿಜನ್, ಎದೆಗೆ ಶಾಕ್ ಕೊಡೋ ಮೆಷಿನ್ನು, ಎಲ್ಲ ಉಂಟು. ನಮ್ಮ ಕಡೆ ಒಂದು ಆಂಬುಲೆನ್ಸಲ್ಲಿ ಇಷ್ಟು ಇರಲ್ಲ.

ಅದಕ್ಕೆ ಸೇರ್ಬೇಕಾದ್ರೆ ಪರೀಕ್ಷೆ ಉಂಟು, ಬ್ರಾಂಜ್ ಮೆಡಾಲಿಯನ್ ಅಂತಾರೆ, ಹದಿನೈದು ವರ್ಷ ಆಗಿರ್ಬೇಕು. 400 ಮೀಟರ್ ಒಂಬತ್ತು ನಿಮಿಷದೊಳಗೆ ಈಜಬೇಕು. ಆಮೇಲೆ 200 ಮೀಟರ್ ಮರಳಲ್ಲಿ ಓಡಿ, 200 ಮೀಟರ್ ಸಮುದ್ರದಲ್ಲಿ ಈಜಿ, ಮತ್ತೆ 200 ಮೀಟರ್ ಓಡ್ಬೇಕು, ಎಲ್ಲ ಸೇರಿ ಎಂಟು ನಿಮಿಷದೊಳಗೆ. ಸಿರಿ ಮೊದಲನೇ ಸಲ ಈಜಿದಾಗ ಒಂಬತ್ತು ನಿಮಿಷ ದಾಟಿಹೋಯ್ತು. ಕಾರಲ್ಲಿ ಮನೆ ತನಕ ಒಂದು ಮಾತಾಡ್ಲಿಲ್ಲ. ಮಾರನೇ ದಿನ ಇನ್ನೂ ಕತ್ತಲೆ, ನನ್ನ ರೂಮ್ ಬಾಗಿಲು ತಟ್ಟಿ "ಅಪ್ಪಾ, ಪೂಲ್‌ಗೆ ಬಿಡ್ತೀರಾ" ಅಂತ ನಿಂತಿದ್ಲು, ತಲೆಗೆ ಟೋಪಿ ಹಾಕ್ಕೊಂಡೇ. ಇಲ್ಲಿ ಸಮುದ್ರದ ಪಕ್ಕದಲ್ಲೇ ಉಪ್ಪುನೀರಿನ ಈಜುಕೊಳ ಕಟ್ಟಿದಾರೆ, ಕೌನ್ಸಿಲ್‌ದು, ದುಡ್ಡು ಕೊಡೋ ಹಾಗಿಲ್ಲ, ಯಾರು ಬೇಕಾದ್ರೂ ಹೋಗ್ಬೋದು. ಚಳಿಗೆ ನಾನು ಜರ್ಕಿನ್ ಹಾಕ್ಕೊಂಡು ಗಡಿಯಾರ ಹಿಡ್ಕೊಂಡು ಕೂತಿರ್ತಿದ್ದೆ, ಅವಳು ಹೋಗೋದು ಬರೋದು ಹೋಗೋದು ಬರೋದು. ಟೈಮ್ ಕೇಳೋಳು, ಹೇಳ್ತಿದ್ದೆ, "ಹ್ಞೂಂ" ಅನ್ನೋಳು, ಮತ್ತೆ ಇಳಿಯೋಳು. ಯಾರೂ ಒತ್ತಾಯ ಮಾಡಿಲ್ಲ ಅವ್ವಾ, ನಾನಂತೂ ಒಂದು ದಿನ ಹೋಗು ಅಂದಿಲ್ಲ. ಪಾಸಾದ ದಿನ ಓಡಿ ಬಂದು ಒದ್ದೆ ತಲೆ ನನ್ನ ಶರ್ಟಿಗೆ ಒರಸ್ಕೊಂಡ್ಲು. ಆ ವಯಸ್ಸಿನ ಮಕ್ಕಳು ಜನರೆದುರು ಅಪ್ಪನ ಪಕ್ಕ ನಿಲ್ಲೋದೇ ಇಲ್ಲ, ಇವಳು ಶಾಲೆ ಗೇಟ್ ಹತ್ರ ಬೇಡ ಮೂಲೇಲೇ ಇಳಿಸಿ ಅನ್ನೋಳು, ಆವತ್ತು ಎಲ್ಲರ ಎದುರು ಹಾಗೆ ಮಾಡಿದ್ಲು.

ಚಿಕ್ಕಮ್ಮ ಬಟ್ಟೆ ವಿಷಯ ಏನೋ ಅಂದ್ರಂತೆ. ನೀರಿಗೆ ಇಳಿಯೋಕೆ ನೀರಿನ ಬಟ್ಟೆ ಹಾಕ್ಬೇಕು, ಸೀರೆ ಉಟ್ಕೊಂಡು ಈಜೋಕೆ ಆಗಲ್ಲ. ಡ್ಯೂಟಿಗೆ ಹೋಗುವಾಗ ಉದ್ದ ತೋಳಿನ ಹಳದಿ ಅಂಗಿ, ಕೆಂಪು ಚಡ್ಡಿ, ತಲೆಗೆ ಕೆಂಪು ಹಳದಿ ಟೋಪಿ, ಅದು ಯೂನಿಫಾರಂ, ಪೊಲೀಸ್ ಯೂನಿಫಾರಂಗೆ ಕೊಡೋ ಮರ್ಯಾದೆ ಅದಕ್ಕೂ ಜನ ಕೊಡ್ತಾರೆ ಇಲ್ಲಿ. ಅದನ್ನ ಹಾಕ್ಕೊಂಡು ನಿಂತಾಗ ನನ್ನ ಮಗಳನ್ನ ನೋಡೋಕೆ ನನಗೆ ಎಷ್ಟು ಸಂತೋಷ ಆಗ್ತದೆ ಅಂತ ಚಿಕ್ಕಮ್ಮನಿಗೆ ಹೇಳು. ಕಪ್ಪಾಗಿದಾಳೆ ಅನ್ನೋದೂ ನಿಜ, ಮೂಗಿಗೆ ಬಿಳಿ ಕ್ರೀಮ್ ಬಳ್ಕೊಂಡ್ರೂ ಈ ಬಿಸಿಲು ಬಿಡಲ್ಲ. "ನಾಳೆ ಗಂಡು ನೋಡೋಕೆ ಬಂದ್ರೆ" ಅನ್ನೋ ಮಾತು ಮಾತ್ರ ಯಾರೂ ಆಡ್ಬೇಡಿ. ಅವಳಿಗೆ ಹದಿನಾರು. ಆ ಮಾತು ಅವಳ ಕಿವಿಗೆ ಬೀಳೋದು ನನಗೆ ಇಷ್ಟ ಇಲ್ಲ, ನೀನೇ ಮುಂದೆ ನಿಂತು ನಿಲ್ಲಿಸ್ಬೇಕು ಅವ್ವಾ, ನಿನ್ನ ಮಾತನ್ನ ಆ ಮನೇಲಿ ಯಾರೂ ಮೀರಲ್ಲ.

ಹೋದ ತಿಂಗಳು ಆಸ್ಟ್ರೇಲಿಯಾ ಡೇ ರಜ ಇತ್ತಲ್ಲ, ಆವಾಗಿಂದು ಒಂದು ಹೇಳ್ತೀನಿ. ಬೀಚಲ್ಲಿ ಜಾತ್ರೆ ಥರ ಜನ, ನಮ್ಮ ಕುಮಾರಲಿಂಗೇಶ್ವರ ಜಾತ್ರೇಲಿ ತೇರು ಎಳೆಯುವಾಗ ಇರ್ತಾರಲ್ಲ ಅಷ್ಟು. ನಾನು ಶೋಭಾ ಹಿಂದೆ ಹುಲ್ಲಿನ ಮೇಲೆ ಚಾಪೆ ಹಾಕ್ಕೊಂಡು ಕೂತಿದ್ವಿ. ಬಾವುಟದಿಂದ ಆಚೆ ಒಂದು ಸಂಸಾರ ನೀರಿನ ಹತ್ರ ಹೋಗ್ತಾ ಇತ್ತು, ಅಜ್ಜಿ, ಗಂಡ ಹೆಂಡ್ತಿ, ಚಿಕ್ಕದೆರಡು ಮಕ್ಕಳು. ನೋಡಿದ ಕೂಡ್ಲೇ ನಮ್ಮ ಕಡೆಯೋರು ಅಂತ ಗೊತ್ತಾಯ್ತು, ಅಜ್ಜಿ ಸೀರೆ ನೆರಿಗೆ ಎತ್ತಿ ಸೊಂಟಕ್ಕೆ ಸಿಗಿಸ್ಕೊಂಡಿದ್ರು. ಅವರು ಆರಿಸ್ಕೊಂಡ ಜಾಗದಲ್ಲಿ ಅಲೆಯೇ ಇಲ್ಲ, ನೀರು ಒಂಚೂರು ಕಡು ಬಣ್ಣ, ನೋಡೋಕೆ ಕೆರೆ ಹಾಗೆ ಶಾಂತ. ನಾನೂ ಅಷ್ಟು ವರ್ಷ ಅದನ್ನೇ ಒಳ್ಳೇ ಜಾಗ ಅಂದ್ಕೊಂಡಿದ್ದೆ, ಸಿರಿ ಹೇಳಿದ ಮೇಲೆ ತಿಳೀತು, ಅಲೆ ಒಡೀದೆ ಇರೋ ಜಾಗದಲ್ಲೇ ನೀರು ವಾಪಸ್ ಸಮುದ್ರಕ್ಕೆ ಹೋಗ್ತಾ ಇರ್ತದೆ, ರಿಪ್ ಅಂತಾರೆ, ಮೇಲಿಂದ ಏನೂ ಕಾಣಲ್ಲ, ಕಾಲಿಟ್ಟೋರನ್ನ ಎಳ್ಕೊಂಡು ಹೋಗ್ತದೆ. ಈಜು ಬರದೋರು, ಹೊರಗಿಂದ ಬಂದೋರು, ಶಾಂತವಾಗಿದೆ ಅಂತ ಅಲ್ಲೇ ಇಳಿಯೋದು.

ಸಿರಿ ಆ ಕಡೆಯಿಂದ ಓಡಿ ಬಂದ್ಲು. ಮೊದಲು ಇಂಗ್ಲಿಷಲ್ಲಿ ಹೇಳಿದ್ಲು, ಗಂಡಸು ಕೈ ಆಡಿಸಿ "ಪರವಾಗಿಲ್ಲ ಪರವಾಗಿಲ್ಲ, ಕಾಲಷ್ಟೇ ಒದ್ದೆ ಮಾಡ್ತೀವಿ" ಅಂತ ಅಂದ್ರು, ಆಮೇಲೆ ಹೆಂಡ್ತಿ ಹತ್ರ ಕನ್ನಡದಲ್ಲಿ ಏನೋ ಅಂದ್ರು. ಇವಳು ನೇರ ಅಜ್ಜಿ ಹತ್ರ ಹೋಗಿ ಕೈ ಹಿಡ್ಕೊಂಡು "ಇಲ್ಲಿ ಬೇಡ ಅಜ್ಜಿ, ನೀರು ಎಳೀತದೆ, ಮಗು ಹೋಗ್ಬಿಡ್ತದೆ, ನನ್ನ ಜೊತೆ ಬನ್ನಿ" ಅಂದ್ಲು. ನಿನ್ನ ಧ್ವನಿ ಅವ್ವಾ, ನಮ್ಮನ್ನ ಹೊಳೆ ಹತ್ರ ಬಿಡದೆ ಕರ್ಕೊಂಡು ಬರ್ತಿದ್ದೆಯಲ್ಲ, ಅದೇ ಗಟ್ಟಿ ಧ್ವನಿ. ಆ ಅಜ್ಜಿ ಬಿಟ್ಟ ಬಾಯಿ ಬಿಟ್ಟಂಗೆ ನಿಂತ್ರು. ಆಮೇಲೆ ಎಲ್ರೂ ಕುರಿಮರಿ ಥರ ಇವಳ ಹಿಂದೆ ಬಾವುಟದ ನಡುವೆ ಬಂದ್ರು. ಹೋಗುವಾಗ ಆ ಅಜ್ಜಿ ನನ್ನ ಮಗಳ ಕೆನ್ನೆ ಸವರಿ ದೃಷ್ಟಿ ತೆಗೆದು ಹೋದ್ರು, ಯಾವೂರು ಅಂತ ಕೇಳಿದ್ರಂತೆ, ಇವಳು "ಮಾದಾಪುರ, ಕೊಡಗು" ಅಂದ್ಲಂತೆ. ಆಸ್ಟ್ರೇಲಿಯಾ ಅನ್ಲಿಲ್ಲ. ನಾನು ಎದ್ದು ಹೋಗಿ ಮಾತಾಡಿಸ್ಲಿಲ್ಲ, ಅವಳ ಕೆಲಸದ ಜಾಗ ಅದು. ನಾನು ಅಲ್ಲಿದೀನಿ ಅಂತಾನೂ ಅವಳು ಗಮನಿಸ್ಲಿಲ್ಲ, ನೀರಿನ ಮೇಲಿಂದ ಕಣ್ಣು ತೆಗೀತಾ ಇರ್ಲಿಲ್ಲ.

ಅಂಥ ಮಗಳನ್ನ ನಿಲ್ಲಿಸು ಅಂತೀಯಲ್ಲ ಅವ್ವಾ, ಹೇಗೆ ನಿಲ್ಲಿಸ್ಲಿ. 1980ರ ತನಕ ಇವರ ಕ್ಲಬ್‌ಗಳಲ್ಲಿ ಹೆಣ್ಣುಮಕ್ಕಳಿಗೆ ಪೂರ್ತಿ ಸದಸ್ಯತ್ವ ಕೊಟ್ಟು ಈ ಡ್ಯೂಟಿಗೆ ಹಾಕ್ತಾನೇ ಇರ್ಲಿಲ್ಲ, ಬಿಳಿ ಜನರ ಹೆಣ್ಣುಮಕ್ಕಳಿಗೇ ಇರ್ಲಿಲ್ಲ. ಈಗ ನಮ್ಮ ಮಾದಾಪುರದ ಮನೆ ಮಗು ಅಲ್ಲಿ ನಿಂತಿದೆ.

ಪಿಯುಸಿಗೆ ಊರಿಗೆ ಕಳ್ಸು, ನಾನು ನೋಡ್ಕೋತೀನಿ ಅಂತ ಬರೆಸಿದೀಯ. ನೀನು ನೋಡ್ಕೋತೀಯ ಅಂತ ನನಗೆ ಗೊತ್ತಿಲ್ವಾ. ಆದ್ರೆ ಅವಳದು ಹನ್ನೊಂದನೇ ಕ್ಲಾಸು ಈಗಷ್ಟೇ ಶುರುವಾಯ್ತು, ಇಲ್ಲಿ ಜನವರಿ ಕೊನೆ ಫೆಬ್ರವರಿಗೆ ಶಾಲೆ ವರ್ಷ ಶುರುವಾಗೋದು, ಮುಂದಿನ ವರ್ಷ ಎಚ್‌ಎಸ್‌ಸಿ ಅಂತ ಹನ್ನೆರಡನೇ ಕ್ಲಾಸಿನ ಪರೀಕ್ಷೆ, ಮಧ್ಯದಲ್ಲಿ ಕಿತ್ತು ತಂದು ಮಡಿಕೇರೀಲಿ ಸೇರಿಸಿದ್ರೆ ಅವಳಿಗೆ ಎರಡೂ ಕಡೆ ಇಲ್ಲದಂಗೆ ಆಗ್ತದೆ. ನರ್ಸಿಂಗ್ ಮಾಡ್ತೀನಿ ಅಂತಾಳೆ, ಒಂದ್ಸಲ ಆಂಬುಲೆನ್ಸ್ ಪ್ಯಾರಾಮೆಡಿಕ್ ಅಂತಾಳೆ. ನಾನು ಯಾವುದಕ್ಕೂ ಹ್ಞೂಂ ಉಹುಂ ಅಂದಿಲ್ಲ.

ಕಾರು ಓಡಿಸ್ತಾಳಂತೆ ಅನ್ನೋದೂ ನಿನ್ನ ಲಿಸ್ಟಲ್ಲಿ ಉಂಟು. ಹದಿನಾರಾದ್ರೆ ಇಲ್ಲಿ ಕಲಿಯೋಕೆ ಲೈಸೆನ್ಸ್ ಕೊಡ್ತಾರೆ, ಹಳದಿ ಬೋರ್ಡಲ್ಲಿ ಕಪ್ಪು ಎಲ್ ಹಾಕ್ಬೇಕು, ಪಕ್ಕದಲ್ಲಿ ಪೂರ್ತಿ ಲೈಸೆನ್ಸ್ ಇರೋರು ಕೂತಿರ್ಲೇಬೇಕು. 120 ಗಂಟೆ ಓಡ್ಸಿ ಪುಸ್ತಕದಲ್ಲಿ ಬರ್ದು ಸೈನ್ ಹಾಕ್ಬೇಕು, ಅದರಲ್ಲಿ 20 ಗಂಟೆ ರಾತ್ರಿ ಹೊತ್ತು. ನಮ್ಮಲ್ಲಿ ಜೀಪ್ ಓಡ್ಸೋಕೆ ಕಲ್ತಿದ್ದು ತೋಟದ ಒಳಗೆ ಎರಡು ಸುತ್ತಲ್ಲಿ, ಇಲ್ಲಿ ನೋಡು ಎಷ್ಟು ಕಟ್ಟುನಿಟ್ಟು. ಪಕ್ಕದಲ್ಲಿ ಕೂರೋದು ನಾನೇ. ಊರ ಹಿಂದೆನೇ ಒಂದು ಬೆಟ್ಟದ ಸಾಲು ಉಂಟು, ಹಸಿರು ಗೋಡೆ ಎದ್ದು ನಿಂತಂಗೆ, ಬುಲೈ ಪಾಸ್ ಅಂತ ಘಾಟಿ ರಸ್ತೆ, ಅಲ್ಲಿ ಹತ್ತಿಸ್ತಾಳೆ ಇಳಿಸ್ತಾಳೆ. ಮನೇಲಿ ಮಾತೇ ಆಡದ ಹುಡುಗಿ ಸ್ಟೀರಿಂಗ್ ಹಿಡಿದ್ರೆ ಬಾಯಿ ಬಿಡ್ತಾಳೆ, ರಸ್ತೆ ನೋಡ್ಕೊಂಡು ಮಾತಾಡ್ಬೇಕಲ್ಲ, ಮುಖ ನೋಡೋ ಹಾಗಿಲ್ಲ, ಅದಕ್ಕೇ ಇರ್ಬೇಕು. ಫ್ರೆಂಡ್ ಜೊತೆ ಜಗಳ ಆಗಿದ್ದು, ಶಾಲೇಲಿ ಯಾರೋ ಅವಳ ಹೆಸರನ್ನ ಬೇಕಂತ ತಪ್ಪಾಗಿ ಕರೆದದ್ದು, ಅಜ್ಜಿ ಕೈ ಅಕ್ಕಿ ರೊಟ್ಟಿ ಬೇಕು ಅನ್ನಿಸಿದ್ದು, ಎಲ್ಲ ಆ ಘಾಟಿಯಲ್ಲೇ ಹೇಳೋದು. 120 ಗಂಟೆ ಬೇಗ ಮುಗಿದುಹೋಗ್ತದಲ್ಲ ಅಂತ ನನಗೆ ಬೇಜಾರು.

ಅವ್ವಾ, ಇನ್ನೂ ಒಂದ್ಸಲ ಹೇಳ್ತೀನಿ, ಭಯ ಬೇಡ. ನೀನು ಹರಕೆ ಹೊತ್ತಿದೀಯಂತೆ, ಹೊರು, ಆದ್ರೆ ಹರಕೆಗೆ ಅಂತ ಒಪ್ಪೊತ್ತು ಮಾಡ್ಬೇಡ, ನಿನ್ನ ಬಿಪಿ ಮಾತ್ರೆ ಖಾಲಿ ಹೊಟ್ಟೇಲಿ ತಗೋಬಾರ್ದು ಅಂತ ಡಾಕ್ಟರ್ ಹೇಳಿದಾರೆ. ಮಗು ಆರಾಮ. ನಾನು ಆರಾಮ. ಶೋಭಾ ಆರಾಮ. ಜುಲೈ ರಜಕ್ಕೆ ಎಲ್ರೂ ಬರ್ತೀವಿ, ಮಳೆ ಆದ್ರೂ ಸರಿ.

ಅಣ್ಣಾ, ಅವ್ವನಿಗೆ ಓದೋದು ಇಲ್ಲಿಗೆ ಸಾಕು. ಮುಂದಿನದು ನಿನಗೆ.

ಅವ್ವ ಹೆದರ್ತಿರೋದು ಸಮುದ್ರಕ್ಕಲ್ಲ ಅಂತ ನಿನಗೂ ಗೊತ್ತು ನನಗೂ ಗೊತ್ತು. ಲೋಕೇಶ. ಅವನು ದೊಡ್ಡಮ್ಮನ ಮಗ ಆದ್ರೂ ಅವ್ವನ ಕೈಯಲ್ಲೇ ಬೆಳೆದೋನು, ಹಾರಂಗಿ ಹಿನ್ನೀರಿಗೆ ದನ ಹೊಡ್ಕೊಂಡು ಹೋದೋನು ಬರ್ಲಿಲ್ಲ. ನಾವೆಲ್ಲ ದಡದಲ್ಲೇ ಇದ್ವಿ. ಅಷ್ಟು ಜನ ಗಂಡಸರು ಕೂಗ್ತಾ ಓಡಾಡಿದ್ರು, ಒಬ್ಬನಿಗಾದ್ರೂ ಈಜು ಬರ್ತಿರ್ಲಿಲ್ಲ. ಆಮೇಲೆ 2018ರ ಆಗಸ್ಟ್, ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಅಂತ ಇಲ್ಲಿ ಟಿವೀಲಿ ಒಂದೊಂದೇ ಹೆಸರು ಬರ್ತಿತ್ತು, ಗುಡ್ಡ ಕುಸ್ದು ರಸ್ತೆ ಹೋಗಿ ನಿಮ್ಮ ಫೋನ್ ಯಾವುದೂ ಸಿಗ್ದೆ ನಾನು ಆ ಎರಡು ರಾತ್ರಿ ಹೇಗಿದ್ದೆ ಅಂತ ನಿನಗೆ ಹೇಳಿಲ್ಲ. ಅವ್ವನ್ನ ಎತ್ಕೊಂಡು ನೀವು ಪರಿಹಾರ ಕೇಂದ್ರ ಸೇರಿದೀರಿ ಅಂತ ಗೊತ್ತಾಗೋ ತನಕ ನಾನು ನಿಂತೋನು ಕೂತಿರ್ಲಿಲ್ಲ. ಆಗ ಸಿರಿ ಚಿಕ್ಕವಳು, ಬಾಗಿಲ ಸಂದೀಲಿ ನಿಂತು ನನ್ನನ್ನ ನೋಡ್ತಾ ಇದ್ಲು. ಆ ವರ್ಷದ ಸೀಸನ್ ಶುರುವಾದಾಗ ನಾನೇ ಕರ್ಕೊಂಡು ಹೋಗಿ ಕ್ಲಬ್ಬಿನ ಚಿಕ್ಕ ಮಕ್ಕಳ ಗುಂಪಿಗೆ ಸೇರಿಸ್ದೆ, ನಿಪ್ಪರ್ಸ್ ಅಂತಾರೆ, ಗುಲಾಬಿ ಬಣ್ಣದ ಅಂಗಿ ಹಾಕ್ಕೊಂಡು ಮರಳಲ್ಲಿ ಓಡ್ತಾವೆ. ನನ್ನ ಮಗು ನೀರಿನ ಎದುರು ಕೈಕಟ್ಟಿ ನಿಲ್ಬಾರ್ದು ಅನ್ನೋದಷ್ಟೇ ನನ್ನ ತಲೇಲಿ ಇದ್ದಿದ್ದು. ಅಲ್ಲಿಂದ ಇಲ್ಲಿಗೆ ಬಂದಿದ್ದು ಪೂರ್ತಿ ಅವಳದೇ.

ನೀರಿಗೆ ಇಳಿಯೋದು ಅಪರೂಪ ಅಂತ ಅವ್ವನಿಗೆ ಬರ್ದೆನಲ್ಲ, ಅದು ನಿಜ, ಆದ್ರೆ ಜನವರಿ ಮಧ್ಯದಲ್ಲಿ ಒಂದು ಭಾನುವಾರ ಇಳಿದ್ಲು. ನಾನು ಅಲ್ಲೇ ಇದ್ದೆ. ಬಾವುಟದಿಂದ ಆಚೆ ಇಳಿದ ಒಬ್ಬ ಹುಡುಗ, ಇಪ್ಪತ್ತು ಇಪ್ಪತ್ತೈದು ಇರ್ಬೋದು, ರಿಪ್‌ಗೆ ಸಿಕ್ಕಿ ದೂರ ಹೋಗ್ಬಿಟ್ಟ, ಕೈ ಎತ್ತಿದ್ದು ಒಂದ್ಸಲ ಕಾಣಿಸ್ತು. ಕ್ಯಾಪ್ಟನ್ ಇವಳನ್ನೂ ಇನ್ನೊಬ್ಬನನ್ನೂ ಬೋರ್ಡ್ ತಗೊಂಡು ಹೋಗೋಕೆ ಹೇಳ್ದ, ದೋಣಿ ಹಿಂದೆ ಹೊರಡ್ತು. ಅವಳು ಬೋರ್ಡ್ ಎತ್ಕೊಂಡು ಓಡಿದ್ದು, ಮಂಡಿ ಊರಿ ಕೈಯಲ್ಲಿ ನೀರು ತಳ್ತಾ ಅಲೆ ದಾಟಿದ್ದು, ಆಮೇಲೆ ಮೂರು ತಲೆ ಒಂದೇ ಕಡೆ ಕಾಣಿಸಿದ್ದು. ನನ್ನ ಕಾಲು ನಡುಗ್ತಿತ್ತು ಅಣ್ಣಾ, ಶೋಭಾ ನನ್ನ ತೋಳು ಹಿಡ್ದಿದ್ದು ಎರಡು ದಿನ ನೀಲಿ ಕಟ್ಟಿತ್ತು. ಅಲ್ಲಿ ಹೋಗಿ ಅವಳು ಮಾಡಿದ್ದು ಇಷ್ಟೇ ಅಂತೆ, ಬೋರ್ಡ್ ಅವನ ಕೈಗೆ ಕೊಟ್ಟು, ಇದನ್ನ ಹಿಡ್ಕೋ, ಉಸಿರಾಡು, ನಾನು ಎಲ್ಲೂ ಹೋಗಲ್ಲ ಅಂತ ಹೇಳ್ತಾ ಇದ್ದಿದ್ದು, ದೋಣಿ ಬರೋ ತನಕ. ಹುಡುಗ ಆರಾಮಾಗಿ ನಡ್ಕೊಂಡು ಹೋದ. ಇವಳು ದಡಕ್ಕೆ ಬಂದೋಳು ನೀರು ಕುಡ್ದು ಟವೆಲ್ ಹೊದ್ಕೊಂಡು ಫಾರಂ ತುಂಬ್ತಾ ಕೂತ್ಲು, ಏನಾಯ್ತು ಎಷ್ಟು ಹೊತ್ತಿಗೆ ಅಂತೆಲ್ಲ ಬರೀಬೇಕಂತೆ. ನಾನು ದೂರದಿಂದ ನೋಡ್ತಾ ಇದ್ದೆ. ಇಷ್ಟು ವರ್ಷ ಎತ್ಕೊಂಡು ತಿರುಗಿದ ಮಗು ಅದೇನಾ ಅನ್ನಿಸ್ತು. ಎಷ್ಟು ಹೆಮ್ಮೆ ಅಂತ ಹೇಳೋಕೆ ನನಗೆ ಬರಲ್ಲ, ಎದೆ ತುಂಬಿ ಗಂಟಲಿಗೆ ಬಂದಿತ್ತು.

ಆವತ್ತು ರಾತ್ರಿ ಎಲ್ಲ ಮಲಗಿದ ಮೇಲೆ ಅಡುಗೆಮನೆಗೆ ಬಂದು ನನ್ನ ಎದುರು ಕೂತ್ಲು. "ಅಪ್ಪಾ, ಲೋಕೇಶ ಚಿಕ್ಕಪ್ಪ ಹೇಗೆ ಹೋದ್ರು" ಅಂದ್ಲು. ಅವ್ವ ಯಾವಾಗ್ಲೋ ಫೋನಲ್ಲಿ ಹೇಳಿದ್ಲಂತೆ ಹೆಸರು ಮಾತ್ರ. ನಾನು ಆ ವಿಷಯ ಶೋಭಾ ಹತ್ರಾನೂ ಪೂರ್ತಿ ಹೇಳಿರ್ಲಿಲ್ಲ, ಅವಳಿಗೆ ಹೇಳ್ದೆ. ಎಷ್ಟು ಹೊತ್ತು ನೀರಲ್ಲಿದ್ದ, ಮೇಲೆ ತಂದ ಮೇಲೆ ಯಾರಾದ್ರೂ ಎದೆ ಒತ್ತಿದ್ರಾ, ಬಾಯಿಗೆ ಉಸಿರು ಕೊಟ್ರಾ ಅಂತ ಕೇಳಿದ್ಲು. ಇಲ್ಲ, ತಲೆ ಕೆಳಗೆ ಮಾಡಿ ತಿರುಗಿಸಿದ್ರು, ಆಮೇಲೆ ಜೀಪಿಗೆ ಕಾದ್ವಿ ಅಂದೆ. ಮೂವತ್ತು ಸಲ ಎದೆ ಒತ್ತಿ ಎರಡು ಸಲ ಉಸಿರು ಕೊಡ್ಬೇಕು, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತರ ಲೆಕ್ಕದಲ್ಲಿ, ಆಂಬುಲೆನ್ಸ್ ಬರೋ ತನಕ ನಿಲ್ಲಿಸ್ಬಾರ್ದು ಅಂತ ಸೋಫಾ ದಿಂಬಿನ ಮೇಲೆ ನನಗೆ ಮಾಡಿ ತೋರಿಸಿದ್ಲು, ನನ್ನ ಕೈಯಲ್ಲೂ ಮಾಡ್ಸಿದ್ಲು, ನಾನು ಒತ್ತಿದ್ದು ಸಾಲದು ಅಂತ ಇನ್ನೂ ಜೋರಾಗಿ ಒತ್ತಿಸಿದ್ಲು. ಜುಲೈಗೆ ಬಂದಾಗ ಚಿನ್ನುಗೂ ಯಶೂಗೂ ಇದನ್ನ ಕಲಿಸ್ತಾಳಂತೆ, ತೋಟದ ಕೆಲಸದೋರ ಲೈನ್ ಮನೆ ಮಕ್ಕಳನ್ನೂ ಸೇರಿಸ್ಬೇಕಂತೆ. ನೀನು ಒಂದು ಕೆಲಸ ಮಾಡು, ಮಡಿಕೇರಿಯೋ ಕುಶಾಲನಗರವೋ ಎಲ್ಲಾದ್ರೂ ಈ ಬೇಸಿಗೆ ರಜದಲ್ಲಿ ಈಜು ಕಲಿಸ್ತಾರಾ ವಿಚಾರಿಸಿ ಇಬ್ಬರನ್ನೂ ಸೇರಿಸು, ಫೀಸು ಬಸ್ಸು ಎಲ್ಲ ನಾನು ಕಳಿಸ್ತೀನಿ, ಅತ್ತಿಗೆ ಬೇಡ ಅಂದ್ರೆ ಸಿರಿ ಹತ್ರ ಮಾತಾಡಿಸು, ಅವಳು ಒಪ್ಪಿಸ್ತಾಳೆ.

ಈ ರಕ್ಷಣೆ ವಿಷಯ ಅವ್ವನಿಗೆ ಖಂಡಿತ ಬೇಡ. ಈಗಲ್ಲ. ಬಿಪಿ ಸ್ವಲ್ಪ ಇಳೀಲಿ, ಜುಲೈಲಿ ಸಿರಿ ಪಕ್ಕದಲ್ಲಿ ಕೂತಿರುವಾಗ ಅವಳೇ ಹೇಳ್ಲಿ.

ಸೋಮವಾರಪೇಟೆಗೆ ಕರ್ಕೊಂಡು ಹೋಗಿ ಅವ್ವನ್ನ ಈ ವಾರಾನೇ ಡಾಕ್ಟರಿಗೆ ತೋರಿಸು, ಕುಯ್ಲು ಒಂದು ದಿನ ನಿಂತ್ರೆ ಏನೂ ಆಗಲ್ಲ. ಬಿಪಿ ಎಷ್ಟು ಬಂತು ಅಂತ ಅವತ್ತೇ ಮೆಸೇಜ್ ಹಾಕು, ಮೇಲಿನ ನಂಬರ್ ಕೆಳಗಿನ ನಂಬರ್ ಎರಡೂ. ರಾತ್ರಿ ಮಾತ್ರೆ ಅತ್ತಿಗೇನೇ ಕೈಗೆ ಕೊಡ್ಲಿ, ಅವ್ವ ತಗೊಂಡೆ ಅಂದ್ರೆ ನಂಬ್ಬೇಡಿ. ನಾವೆಲ್ಲ ಚೆನ್ನಾಗಿದೀವಿ ಅಂತ ಇನ್ನೊಂದ್ಸಲ ಹೇಳು, ಸಿರಿ ಶುಕ್ರವಾರ ಸಂಜೆ ವಿಡಿಯೋ ಕಾಲ್ ಮಾಡ್ತಾಳೆ, ಚಿನ್ನುಗೆ ಟೆರೇಸ್ ಮೇಲೆ ಹೋಗಿ ನಿಂತ್ಕೊಳ್ಳೋಕೆ ಹೇಳು, ಅಲ್ಲಿ ಸಿಗ್ನಲ್ ಸಿಗ್ತದೆ. ಬೆಳಿಗ್ಗೆ ಐದಕ್ಕೆ ಶಿಫ್ಟು, ಮಲಗ್ಬೇಕು. ಮೆಣಸಿನ ವಿಷಯ ಬರೀಲೇ ಇಲ್ಲ, ಒಂದೇ ಸಲ ಎಲ್ಲ ಕೊಟ್ಬಿಡ್ಬೇಡ, ಫೋನಲ್ಲಿ ಹೇಳ್ತೀನಿ.

ನಿನ್ನ ತಮ್ಮ,
ಸುರೇಶ